ಗೇಟಿಗೆ ಗೊತ್ತಿರುವುದು ಅಡಿ ಮಾತ್ರ: ತುಂಗಭದ್ರಾ 19ನೇ ಗೇಟಿನ ಪ್ರಕರಣ

2024ರ ಆಗಸ್ಟ್ 10, ಶನಿವಾರ. ರಾತ್ರಿ ಹನ್ನೊಂದರ ಸುಮಾರಿಗೆ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟಿನ, ಅಂದರೆ ಕಟ್ಟೆಯ ನೆತ್ತಿಯ ಮೇಲೆ ನೀರು ತಡೆಯುವ ಗೇಟಿನ, ಸರಪಳಿ ತುಂಡಾಯಿತು. ಗೇಟ್ ನೀರಿನ ಜೊತೆ ಕೊಚ್ಚಿಹೋಯಿತು. ಆಗ ಜಲಾಶಯ ತುಂಬಿ ನಿಂತಿತ್ತು. ಹಿಂದಿನ ವರ್ಷ ಸರಿಯಾಗಿ ಮಳೆ ನೋಡದೆ ಒಣಗಿದವರಂತೆ ಕಾದಿದ್ದ ರೈತರು ಆ ವರ್ಷ ಎರಡೂ ಬೆಳೆಗೆ ನೀರು ಸಿಕ್ಕೇ ಸಿಗುತ್ತದೆ ಎಂದು ನೆಮ್ಮದಿಯಾಗಿದ್ದರು. ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಲು ಬರುವ ದಿನ ಹತ್ತಿರದಲ್ಲೇ ಇತ್ತು.

ನಾನು ಗಂಗಾವತಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವನು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಭತ್ತದ ಮನೆಯವರು. ಎಡದಂಡೆ ಕಾಲುವೆಗೆ ನೀರು ಬಂದರೆ ಮನೆಯಲ್ಲಿ ದುಡ್ಡು, ಬರದಿದ್ದರೆ ಗುಳೆ. ಹಾಗಾಗಿ ಸೋಮವಾರ ಶಾಲೆ ತೆರೆದಾಗ ಯಾರಿಗೂ ಬೇರೆ ಮಾತೇ ಇರಲಿಲ್ಲ. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ನೂರು ಟಿಎಂಸಿ ನೀರು ಹಿಂದಿನಿಂದ ದಬ್ಬಿದ್ರ ಒಂದು ತಗಡು ಗೇಟ್ ಹೆಂಗ ತಡೀತೈತ್ರಿ? ಇಷ್ಟು ವರ್ಷ ನಿಂತಿದ್ದೇ ದೊಡ್ಡದಲ್ಲೇನ್ರಿ?"

ಇದು ಆ ಹುಡುಗನ ಒಬ್ಬನ ಪ್ರಶ್ನೆ ಅಲ್ಲ. ಆ ವಾರ ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಟಿವಿಯಲ್ಲಿ ಎಲ್ಲ ಕಡೆ ಇದೇ ಮಾತು. ನೂರಾ ಐದು ಟಿಎಂಸಿಯ ಭಾರ ಗೇಟಿನ ಮೇಲೆ ಕೂತಿದೆ ಅಂತ. (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು.) ಕೇಳಿದರೆ ಸರಿ ಅನ್ನಿಸುವ ಮಾತು. ಆದರೆ ಅದು ತಪ್ಪು. ಈ ತಪ್ಪು ಬಿಡಿಸಿಕೊಂಡರೆ ಮಾತ್ರ ಆ ಏಳು ದಿನ ಅಣೆಕಟ್ಟಿನ ಮೇಲೆ ನಡೆದದ್ದು ಯಾಕೆ ಹಾಗೆ ನಡೆಯಿತು ಅನ್ನೋದು ಅರ್ಥವಾಗುತ್ತದೆ. ಆ ವಾರ ತರಗತಿಯಲ್ಲಿ ಮಾಡಿದ ಲೆಕ್ಕಗಳನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನೀರು ತಳ್ಳುವುದು ಎಷ್ಟಿದೆ ಎಂದಲ್ಲ, ಎಷ್ಟು ಆಳ ಇದೆ ಎಂದು

ಮನೆಯ ಮೇಲಿನ ಟ್ಯಾಂಕಿನಿಂದಲೇ ಶುರು ಮಾಡೋಣ. ಐದುನೂರು ಲೀಟರಿನ ಟ್ಯಾಂಕ್ ತೆಗೆದು ಎರಡು ಸಾವಿರ ಲೀಟರಿನದು ಕೂರಿಸಿದರೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದೆಯಾ? ಇಲ್ಲ. ನೀರು ಜಾಸ್ತಿ ಹೊತ್ತು ಬರುತ್ತದೆ, ಅಷ್ಟೇ. ಜೋರಾಗಿ ಬರಬೇಕು ಅಂದರೆ ಟ್ಯಾಂಕನ್ನು ಮೇಲೆ ಎತ್ತಬೇಕು. ಕೆಳಗಿನ ಮನೆಯ ನಲ್ಲಿಯಲ್ಲಿ ನೀರು ಚೆನ್ನಾಗಿ ಬಂದು, ಟ್ಯಾಂಕಿನ ಕೆಳಗೇ ಇರುವ ಮಹಡಿಯ ಬಚ್ಚಲಲ್ಲಿ ಸಣ್ಣಗೆ ಬರುವುದು ಎಲ್ಲರಿಗೂ ಗೊತ್ತು. ಟ್ಯಾಂಕ್ ಒಂದೇ, ನೀರು ಅದೇ. ಬೇರೆಯಾಗಿರುವುದು ನಲ್ಲಿಯಿಂದ ನೀರಿನ ಮಟ್ಟಕ್ಕೆ ಇರುವ ಎತ್ತರ ಮಾತ್ರ.

ಇದನ್ನು ಮಕ್ಕಳ ಎದುರಿಗೇ ತೋರಿಸಿದೆವು. ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮು, ಪಕ್ಕದಲ್ಲಿ ಹೆಬ್ಬೆರಳು ದಪ್ಪದ ಒಂದು ಪೈಪು. ಪೈಪಿನ ತಳ ಮುಚ್ಚಿ, ನೆಟ್ಟಗೆ ನಿಲ್ಲಿಸಿ ಕಟ್ಟಿದೆವು. ಎರಡಕ್ಕೂ ಒಂದೇ ಎತ್ತರದಲ್ಲಿ ಒಂದೇ ದಬ್ಬಳದಿಂದ ತೂತು ಮಾಡಿ, ಎರಡರಲ್ಲೂ ಒಂದೇ ಮಟ್ಟಕ್ಕೆ ನೀರು ತುಂಬಿದೆವು. ಪೈಪಿನಲ್ಲಿ ಮಟ್ಟ ಬೇಗ ಇಳಿಯುತ್ತದೆ, ಅದಕ್ಕೆ ಒಬ್ಬಳು ಚೊಂಬು ಹಿಡಿದು ಸುರಿಯುತ್ತಲೇ ಇದ್ದಳು. ಎರಡು ತೂತಿನಿಂದಲೂ ನೀರು ಹಾರಿ ನೆಲದ ಮೇಲೆ ಒಂದೇ ಗೆರೆಯಲ್ಲಿ ಬಿತ್ತು. ಡ್ರಮ್ಮಿನಲ್ಲಿದ್ದ ನೂರಾರು ಲೀಟರ್ ಪೈಪಿನ ಸ್ವಲ್ಪ ನೀರಿಗಿಂತ ಒಂದಿಂಚೂ ಜಾಸ್ತಿ ದಬ್ಬಲಿಲ್ಲ. ಪ್ರಶ್ನೆ ಕೇಳಿದ ಹುಡುಗ ಡ್ರಮ್ಮಿನ ಸುತ್ತ ಎರಡು ಸಲ ಸುತ್ತಿ ಬಂದ, ನಂಬಿಕೆ ಬರಲಿಲ್ಲ ಅವನಿಗೆ. ಆಮೇಲೆ ತಾನೇ ಚೊಂಬು ಇಸಕೊಂಡು ಸುರಿದು ನೋಡಿದ.

ಯಾಕೆ ಹೀಗೆ? ತೂತಿನ ಹತ್ತಿರ ಇರುವ ನೀರಿನ ಹನಿಯನ್ನು ಒತ್ತುತ್ತಿರುವುದು ಅದರ ನೆತ್ತಿಯ ಮೇಲಿರುವ ನೀರಿನ ಕಂಬ. ಹತ್ತು ಅಡಿ ದೂರದಲ್ಲಿರುವ ನೀರಿಗೆ ಅದರದೇ ಕಂಬ ಇದೆ, ಅದನ್ನು ಹೊರಲು ಅದರ ಕೆಳಗಿನ ನೆಲ ಇದೆ. ಅಕ್ಕಪಕ್ಕದ ನೀರು ಒಂದನ್ನೊಂದು ತಳ್ಳಿಕೊಳ್ಳುತ್ತದೆ, ಆದರೆ ಎರಡೂ ಕಡೆಯಿಂದ ಸಮ ತಳ್ಳುವುದರಿಂದ ಯಾವುದೂ ಸರಿಯುವುದಿಲ್ಲ. ಹಾಗಾಗಿ ಜಲಾಶಯ ಹಿಂದಕ್ಕೆ ಒಂದು ಕಿಲೋಮೀಟರ್ ಹರಡಿರಲಿ, ಎಂಬತ್ತು ಕಿಲೋಮೀಟರ್ ಹರಡಿರಲಿ, ಗೇಟಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಗೇಟಿನ ಮೇಲೆ ಬೀಳುವುದು ಎದುರಿನ ನೀರಿನ ಆಳದ ಲೆಕ್ಕ ಮಾತ್ರ. ಇದನ್ನು 1586ರಲ್ಲೇ ಸರಿಯಾಗಿ ಬರೆದಿಟ್ಟವನು ಸೈಮನ್ ಸ್ಟೆವಿನ್. ಸಮುದ್ರಕ್ಕಿಂತ ತಗ್ಗಿನಲ್ಲಿದ್ದ ನೆಲವನ್ನು ಒಡ್ಡು ಕಟ್ಟಿ, ತೂಬು ಇಟ್ಟು ಕಾಪಾಡಿಕೊಳ್ಳುವ ನಾಡಿನವನು ಅವನು. ನೀರನ್ನು ತಡೆದು ನಿಲ್ಲಿಸುವ ಜನಕ್ಕೇ ಈ ಪ್ರಶ್ನೆ ಮೊದಲು ಹುಟ್ಟಿದ್ದು ನನಗೆ ತುಂಬ ಸಹಜ ಅನ್ನಿಸುತ್ತದೆ.

ಇಲ್ಲೇ ಇನ್ನೊಂದು ಮಾತು. ಬಾಟಲಿಗೆ ಮೂರು ತೂತು ಮಾಡಿ, ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಬೀಳುವ ಚಿತ್ರವನ್ನು ಎಷ್ಟೋ ಕಡೆ ನೋಡಿರುತ್ತೀರಿ. ಬಾಟಲಿಯನ್ನು ಮೇಜಿನ ಮೇಲೆ ಇಟ್ಟು, ಮೇಜಿನ ಮೇಲೇ ನೀರು ಬೀಳುವಂತೆ ಮಾಡಿ ನೋಡಿ. ದೂರ ಬೀಳುವುದು ನಡುವಿನ ತೂತಿನ ನೀರು. ಕೆಳಗಿನ ತೂತಿನ ನೀರು ಜೋರಾಗಿ ಹೊರಡುವುದು ನಿಜ, ಆದರೆ ಅದಕ್ಕೆ ಹಾರಲು ಎತ್ತರವೇ ಇರುವುದಿಲ್ಲ, ಬೇಗ ಮೇಜು ಮುಟ್ಟುತ್ತದೆ. ಬಾಟಲಿಯನ್ನು ಸ್ಟೂಲಿನ ಮೇಲೆ ಎತ್ತಿಟ್ಟು ನೀರು ನೆಲಕ್ಕೆ ಬೀಳುವಂತೆ ಮಾಡಿದರೆ ಚಿತ್ರ ಸರಿಹೋಗುತ್ತದೆ. ಮಕ್ಕಳಿಗೆ ತೋರಿಸುವ ಮೊದಲು ಒಮ್ಮೆ ಮಾಡಿ ನೋಡಿಕೊಳ್ಳಿ. ಪುಸ್ತಕದಲ್ಲಿ ಒಂದು, ಕಣ್ಣೆದುರು ಇನ್ನೊಂದು ಆದರೆ ಮಕ್ಕಳಿಗೆ ವಿಜ್ಞಾನದ ಮೇಲೇ ಅನುಮಾನ ಬರುತ್ತದೆ.

ಗೇಟಿನ ಮೇಲೆ ನಿಜವಾಗಿ ಎಷ್ಟು ಭಾರ?

ತುಂಗಭದ್ರೆಯ ಕ್ರಸ್ಟ್‌ಗೇಟುಗಳು 33. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯದ ಪೂರ್ಣ ಮಟ್ಟ ಸಮುದ್ರದಿಂದ 1,633 ಅಡಿ. ಗೇಟುಗಳು ಕೂತಿರುವ ಕಟ್ಟೆಯ ನೆತ್ತಿ, ಅಂದರೆ ಕ್ರಸ್ಟ್, 1,613 ಅಡಿಯಲ್ಲಿ. ಅಣೆಕಟ್ಟು ತಳಪಾಯದಿಂದ ಸುಮಾರು 49 ಮೀಟರ್ ಎತ್ತರ ಇದೆ. ಆದರೆ ಗೇಟುಗಳು ತಡೆಯುವುದು ಮೇಲಿನ 20 ಅಡಿ ನೀರನ್ನು ಮಾತ್ರ. ಅದರ ಕೆಳಗಿನದ್ದನ್ನೆಲ್ಲ ತಡೆಯುವುದು ಕಲ್ಲಿನ ಗೋಡೆ. ಸುರ್ಕಿ ಗಾರೆಯಲ್ಲಿ (ಇಟ್ಟಿಗೆ ಪುಡಿ, ಸುಣ್ಣ ಕಲಸಿದ ಗಾರೆ) ಕಟ್ಟಿದ ಆ ಗೋಡೆ ಕೆಳಗೆ ಹೋದಂತೆ ದಪ್ಪವಾಗುತ್ತಾ ಹೋಗುತ್ತದೆ. ನಮ್ಮ ಊರ ಕೆರೆಯ ಏರಿಯೂ ಹಾಗೇ ಅಲ್ವಾ? ಮೇಲೆ ಎತ್ತಿನಗಾಡಿ ಹೋಗುವಷ್ಟು ಅಗಲ ಇದ್ದರೆ ತಳದಲ್ಲಿ ಅದರ ಎಷ್ಟೋ ಪಟ್ಟು.

ಈಗ ಲೆಕ್ಕ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ನೀರು ತೂಗುವುದು ಒಂದು ಟನ್. ಆದ್ದರಿಂದ ಒಂದು ಮೀಟರ್ ಆಳದಲ್ಲಿ ಒತ್ತಡ ಚದರ ಮೀಟರಿಗೆ ಒಂದು ಟನ್, ಎರಡು ಮೀಟರ್ ಆಳದಲ್ಲಿ ಎರಡು ಟನ್. ಇಷ್ಟು ಸುಲಭ. 20 ಅಡಿ ಅಂದರೆ 6.1 ಮೀಟರ್. ಗೇಟಿನ ಬುಡದಲ್ಲಿ ಚದರ ಮೀಟರಿಗೆ 6.1 ಟನ್, ನೆತ್ತಿಯಲ್ಲಿ ಸೊನ್ನೆ. ಸರಾಸರಿ 3.05 ಟನ್. ಗೇಟಿನ ಒಟ್ಟು ಮೈ 18.3 ಮೀಟರ್ ಗುಣಿಸು 6.1 ಮೀಟರ್, ಸುಮಾರು 111 ಚದರ ಮೀಟರ್. ಗುಣಿಸಿದರೆ ಹೆಚ್ಚುಕಡಿಮೆ 340 ಟನ್ ಬರುತ್ತದೆ. ಸರಕು ತುಂಬಿದ ಹತ್ತು ಚಕ್ರದ ಲಾರಿ ಸುಮಾರು 28 ಟನ್ ತೂಗುತ್ತದೆ. ಅಂಥ ಹನ್ನೆರಡು ಲಾರಿಗಳ ತೂಕ ಒಂದೊಂದು ಗೇಟನ್ನು ಮುಂದಕ್ಕೆ ತಳ್ಳುತ್ತಿರುತ್ತದೆ.

ಕಡಿಮೆ ಏನಲ್ಲ. ಆದರೆ ನೂರು ಟಿಎಂಸಿ ನೀರಿನ ತೂಕ ಸುಮಾರು 283 ಕೋಟಿ ಟನ್. ಅದರ ಎದುರು 340 ಏನೂ ಅಲ್ಲ. ಗೇಟ್ ಎಪ್ಪತ್ತು ವರ್ಷ ನಿಂತದ್ದು ಪವಾಡ ಅಲ್ಲ. ಅದು ಹೊರಬೇಕಾದ್ದನ್ನು ಲೆಕ್ಕ ಹಾಕಿ, ಹೊರುವಂತೆಯೇ ಮಾಡಿದ್ದರು.

ಒಬ್ಬ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು. "ಸರ್, ನೀರಿನ ಮ್ಯಾಲ ಗಾಳಿನೂ ಐತಲ್ರಿ. ಅದರ ಒತ್ತಡ ಎಲ್ಲಿ ಹೋತ್ರಿ?" ನಿಜ. ಗಾಳಿ ಸುಮ್ನೆ ಕೂತಿಲ್ಲ. ನಮ್ಮ ತಲೆಯ ಮೇಲೆ ಹತ್ತಾರು ಕಿಲೋಮೀಟರ್ ಎತ್ತರದ ಗಾಳಿಯ ಕಂಬ ಇದೆ. ಹೊಸಪೇಟೆಯ ಎತ್ತರದಲ್ಲಿ ಅದು ಚದರ ಮೀಟರಿಗೆ ಹತ್ತಿರ ಹತ್ತಿರ 10 ಟನ್ ಒತ್ತುತ್ತದೆ. ಇಡೀ ಗೇಟಿನ ಮೇಲೆ ಲೆಕ್ಕ ಹಾಕಿದರೆ ಸಾವಿರ ಟನ್ನಿಗಿಂತ ಜಾಸ್ತಿ. ನೀರಿನ 340 ಟನ್ನಿನ ಮೂರು ಪಟ್ಟು! ಈ ಗಾಳಿ ಜಲಾಶಯದ ನೀರನ್ನು ಮೇಲಿನಿಂದ ಒತ್ತುತ್ತದೆ, ನೀರು ಆ ಒತ್ತಡವನ್ನು ಒಂದಿಷ್ಟೂ ಉಳಿಸಿಕೊಳ್ಳದೆ ಗೇಟಿಗೆ ದಾಟಿಸುತ್ತದೆ. ಆದರೆ ಗೇಟಿನ ಈಚೆ ಬದಿಯಲ್ಲೂ ಅದೇ ಗಾಳಿ ಇದೆ. ಅದು ಅಷ್ಟೇ ಬಲದಿಂದ ವಾಪಸ್ ತಳ್ಳುತ್ತದೆ. ಎರಡೂ ಸಮ ಆಗಿ ಉಳಿಯುವುದು ನೀರಿನದ್ದು ಮಾತ್ರ. ನಮ್ಮ ಮೈ ಮೇಲೂ ಇಷ್ಟೇ ಭಾರದ ಗಾಳಿ ಕೂತಿದ್ದರೂ ನಾವು ಚಪ್ಪಟೆಯಾಗದೆ ಇರುವುದಕ್ಕೆ ಕಾರಣ ಇದೇ. ಒಳಗಿನಿಂದಲೂ ಅಷ್ಟೇ ಒತ್ತಡ ಇದೆ.

ಹಳೆಯ ಕೆರೆ ತೂಬಿನಲ್ಲಿ ಈ ಸಮ ತಪ್ಪುವುದನ್ನು ಕೈಯಿಂದಲೇ ತಿಳಿಯಬಹುದು. ಎರಡು ಕಲ್ಲುಕಂಬದ ನಡುವೆ ಉದ್ದನೆಯ ಕೋಲು, ಅದರ ತುದಿಗೆ ಮರದ ಬಿರಡೆ. ಬಿರಡೆ ಆರು ಇಂಚು ಅಗಲ ಇದ್ದು ಮೇಲೆ ನಾಲ್ಕು ಮೀಟರ್ ನೀರು ನಿಂತಿದ್ದರೆ ಅದನ್ನು ಕಿತ್ತು ಎತ್ತಲು ಸುಮಾರು 70 ಕಿಲೋ ಬಲ ಬೇಕು. ಬಿರಡೆಯ ಮೇಲೆ ನೀರು, ಕೆಳಗೆ ಖಾಲಿ ಕಾಲುವೆ. ಒಮ್ಮೆ ಅದು ಸಡಿಲಾಗಿ ಕೆಳಗೂ ನೀರು ತುಂಬಿಕೊಂಡರೆ ಆಮೇಲೆ ಮಗುವೂ ಎತ್ತಬಹುದು. ನೀರುಗಂಟಿಗಳು ಒತ್ತಡ ಎಂಬ ಪದ ಬಳಸದೆಯೇ ಇದನ್ನು ತಲೆಮಾರುಗಳಿಂದ ತಿಳಿದಿದ್ದಾರೆ.

ಸರಪಳಿಯ ಕೆಲಸ ಏನು?

340 ಟನ್ ತಳ್ಳುವಿಕೆಯನ್ನು ಸರಪಳಿ ಹೊರುವುದಿಲ್ಲ. ನೀರು ಯಾವಾಗಲೂ ತನ್ನೆದುರಿನ ಮೈಗೆ ನೇರವಾಗಿ ಒತ್ತುತ್ತದೆ. ನೆಟ್ಟಗೆ ನಿಂತ ಗೇಟನ್ನು ಅದು ಮುಂದಕ್ಕೆ ತಳ್ಳುತ್ತದೆಯೇ ಹೊರತು ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ. ಆ ಬಲ ಎರಡು ಬದಿಯ ಕಂಬಗಳಲ್ಲಿ ಕೊರೆದ ತೋಡಿನ (ಗ್ರೂವ್) ಮೂಲಕ ಕಲ್ಲಿನ ಕಟ್ಟಡಕ್ಕೆ ಹೋಗುತ್ತದೆ. ಸರಪಳಿ ಹೊರುವುದು ಗೇಟಿನ ತೂಕ ಮತ್ತು ತೋಡಿನಲ್ಲಿ ಸರಿಯುವಾಗಿನ ತಿಕ್ಕಾಟ. ತೂಕವನ್ನು ಹಗುರ ಮಾಡಲು ಇನ್ನೊಂದು ತುದಿಗೆ ಎದುರು ಭಾರ ಕಟ್ಟಿರುತ್ತಾರೆ, ಬಾವಿಯ ಏತದ ಹಾಗೆ.

ಆದರೆ ಈ ತಿಕ್ಕಾಟವೇ ಒತ್ತಡದ ಕೂಸು. 340 ಟನ್ ಒತ್ತಿ ಹಿಡಿದ ವಸ್ತುವನ್ನು ಮೇಲಕ್ಕೆ ಸರಿಸಬೇಕು. ಇಂಥ ಗೇಟುಗಳಲ್ಲಿ ಉರುಳುವ ಭಾಗಗಳು ಸರಾಗವಾಗಿದ್ದರೆ ಬೇಕಾಗುವ ಬಲ ಸ್ವಲ್ಪ. ತುಕ್ಕು ಹಿಡಿದು ಉರುಳುವುದು ನಿಂತು, ಉಕ್ಕು ಉಕ್ಕಿನ ಮೇಲೆ ಜಾರತೊಡಗಿದರೆ ಒತ್ತಡದ ಐದನೇ ಒಂದು ಪಾಲಿನಷ್ಟು ತಿಕ್ಕಾಟವೇ ಆಗುತ್ತದೆ ಅಂತ ಇಟ್ಟುಕೊಳ್ಳಿ. ಅದೇ 68 ಟನ್. ಸರಪಳಿಯ ಪ್ರತಿ ಕೊಂಡಿಯೂ ಅದನ್ನು ತಾಳಬೇಕು. ಒಂದು ಕೊಂಡಿ ಹೋದರೆ ಇಡೀ ಸರಪಳಿ ಹೋದಂತೆ. ಗೇಟ್ ಕಟ್ಟುವವರಿಗಿಂತ ಗೇಟಿಗೆ ಗ್ರೀಸ್ ಹಚ್ಚುವವರ ಕೆಲಸ ಸಣ್ಣದು ಅಂತ ನಾನು ಎಂದೂ ಒಪ್ಪುವುದಿಲ್ಲ.

ಅಡಿ ಇಳಿಸಬೇಕು, ಟಿಎಂಸಿ ಉಳಿಸಬೇಕು

ಆ ರಾತ್ರಿಯೇ ಉಳಿದ ಗೇಟುಗಳನ್ನು ಎತ್ತಲು ಶುರು ಮಾಡಿದರು. ಮುಂದಿನ ದಿನಗಳಲ್ಲಿ ನದಿಗೆ ಸುಮಾರು ಒಂದು ಲಕ್ಷ ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ನೀರು ಹೋಯಿತು. ದಿನಕ್ಕೆ 8.6 ಟಿಎಂಸಿ. ನದಿ ದಂಡೆಯ ಊರುಗಳಲ್ಲಿ ಡಂಗುರ ಹೊಡೆಸಿದರು. ನಮ್ಮ ಕಡೆ ಜನಕ್ಕೆ ಹೊಟ್ಟೆ ಉರಿದದ್ದು ಇಲ್ಲೇ. ಒಂದು ಗೇಟ್ ಹೋದದ್ದು ಸಾಲದೆ ಉಳಿದವನ್ನೂ ತೆಗೆದು ನೀರು ಚೆಲ್ಲುತ್ತಿದ್ದಾರಲ್ಲ ಅಂತ. ಮಕ್ಕಳ ಮನೆಗಳಲ್ಲಿ ಅಳು ಇತ್ತು. ನಾನು ಸುಮ್ನೆ ಹೇಳುತ್ತಿಲ್ಲ.

ಇಲ್ಲಿ ಆಳದ ಲೆಕ್ಕ ಮತ್ತೆ ಬರುತ್ತದೆ. ಗೇಟಿನ ಎದುರಿನ ನೀರು ಅರ್ಧ ಇಳಿದರೆ ಭಾರ ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಯಾಕೆಂದರೆ ಎರಡು ವಿಷಯ ಒಟ್ಟಿಗೆ ಕಡಿಮೆಯಾಗುತ್ತವೆ: ನೀರು ಮುಟ್ಟುವ ಮೈಯೂ ಅರ್ಧ, ಅಲ್ಲಿನ ಸರಾಸರಿ ಒತ್ತಡವೂ ಅರ್ಧ. 20 ಅಡಿಗೆ 340 ಟನ್ ಇದ್ದದ್ದು 12 ಅಡಿಗೆ ಇಳಿದರೆ ಸುಮಾರು 122 ಟನ್. ಎಂಟು ಅಡಿ ಇಳಿಸಿದರೆ ಮೂರರಲ್ಲಿ ಎರಡು ಪಾಲು ಭಾರ ಹೋಯಿತು. ಉಳಿದ 32 ಗೇಟುಗಳೂ ಆಗ ಅದೇ ವಯಸ್ಸಿನವಾಗಿದ್ದವು ಎಂಬುದು ನೆನಪಿಡಿ. ಖಾಲಿ ಕಿಂಡಿಯಿಂದ ನುಗ್ಗುವ ನೀರೂ ಆಳದ ಜೊತೆ ಇಳಿಯುತ್ತದೆ: ತುಂಬಿದ ಮಟ್ಟದಲ್ಲಿ ಆ ಒಂದು ಕಿಂಡಿಯಿಂದ ನನ್ನ ಲೆಕ್ಕದಲ್ಲಿ ಸುಮಾರು 20 ಸಾವಿರ ಕ್ಯುಸೆಕ್ ಹೋಗಬೇಕು, 12 ಅಡಿಗೆ ಬಂದರೆ ಅದರ ಅರ್ಧಕ್ಕಿಂತ ಕಡಿಮೆ.

ಹಾಗಾದರೆ ಪೂರ್ತಿ 20 ಅಡಿ ಇಳಿಸಿ, ಕ್ರಸ್ಟ್ ಒಣಗಿಸಿ, ಆರಾಮಾಗಿ ಹೊಸ ಗೇಟ್ ಕೂರಿಸಬಹುದಿತ್ತಲ್ಲ? ಮೊದಲು ಅದೇ ಮಾತು ಬಂದದ್ದು. ಆದರೆ ಜಲಾಶಯದ ಆಕಾರ ಬೋಗುಣಿಯಂಥದ್ದು. ತಳದಲ್ಲಿ ಕಿರಿದು, ಮೇಲೆ ವಿಶಾಲ. ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ಮೇಲ್ಮಟ್ಟದಲ್ಲಿ ಒಂದೊಂದು ಅಡಿ ನೀರು ಅಂದರೆ ನಾಲ್ಕು ಟಿಎಂಸಿಯಷ್ಟು. ತಳದಲ್ಲಿ ಹೂಳು ಬೇರೆ ತುಂಬಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105.788 ಟಿಎಂಸಿಗೆ ಬಂದು ನಿಂತಿದೆ. ಹಾಗಾಗಿ ಮೇಲಿನ 20 ಅಡಿಯಲ್ಲೇ ಅರ್ಧಕ್ಕಿಂತ ಜಾಸ್ತಿ ನೀರು, ಸುಮಾರು 60 ಟಿಎಂಸಿ ಇದೆ. ಅಷ್ಟನ್ನೂ ಹೊರಗೆ ಬಿಡಬೇಕು. ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು, ಅತ್ತ ಆಂಧ್ರ, ತೆಲಂಗಾಣ. ಇಷ್ಟೂ ಕಡೆಯ ಹೊಲಗಳಿಗೆ ಏನು ಉತ್ತರ ಹೇಳುವುದು?

ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ಗೇಟಿಗೆ ಅಡಿ ಗೊತ್ತು, ಟಿಎಂಸಿ ಗೊತ್ತಿಲ್ಲ. ಹೊಲಕ್ಕೆ ಟಿಎಂಸಿ ಬೇಕು, ಅಡಿ ಕಟ್ಟಿಕೊಂಡು ಅದಕ್ಕೇನೂ ಆಗಬೇಕಿಲ್ಲ. ಅಪಾಯ ಅಳೆಯುವ ಕೋಲು ಬೇರೆ, ಅನ್ನ ಅಳೆಯುವ ಕೊಳಗ ಬೇರೆ. ಎರಡನ್ನೂ ಒಟ್ಟಿಗೆ ಹಿಡಿದು ನಿರ್ಧಾರ ಮಾಡಬೇಕಿತ್ತು.

ಹರಿಯುವ ನೀರಿಗೆ ಬಾಗಿಲು

ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದರು. ವಯಸ್ಸಾದವರು. ನೀರು ಖಾಲಿಯಾಗುವವರೆಗೆ ಕಾಯುವುದು ಬೇಡ, ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ಇಳಿಸೋಣ ಎಂಬ ದಾರಿ ಹಿಡಿದರು. ಸ್ಟಾಪ್‌ಲಾಗ್ ಅಂದರೆ ಒಂದೇ ದೊಡ್ಡ ಗೇಟಿನ ಬದಲು ಅಡ್ಡ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸುವುದು. ಹಳೆಯ ಅಂಗಡಿಗಳ ಹಲಗೆ ಬಾಗಿಲನ್ನು ಮಲಗಿಸಿದ ಹಾಗೆ ಅಂದುಕೊಳ್ಳಿ. ಇಲ್ಲಿ ಐದು ತುಂಡು. ಒಂದೊಂದೂ 60 ಅಡಿ ಉದ್ದ, 4 ಅಡಿ ಎತ್ತರ, ಸುಮಾರು 13 ಟನ್ ತೂಕ. ಸಿದ್ಧವಾಗಿ ಇಟ್ಟಿದ್ದ ತುಂಡುಗಳಲ್ಲ ಇವು. ಹೊಸಪೇಟೆ, ತೋರಣಗಲ್ಲು ಕಡೆಯ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಕೆಲಸ ಮಾಡಿ ಕೆಲವೇ ದಿನಗಳಲ್ಲಿ ಕತ್ತರಿಸಿ, ಬೆಸುಗೆ ಹಾಕಿ ಕೊಟ್ಟರು.

ಈ ಐದು ತುಂಡುಗಳ ಮೇಲಿನ ಭಾರ ಲೆಕ್ಕ ಹಾಕಿದಾಗ ತರಗತಿಯಲ್ಲಿ ಒಂದು ಚಂದದ ವಿಷಯ ಹೊರಬಂತು. ಜಲಾಶಯ ಮತ್ತೆ ತುಂಬಿದಾಗ ಎಲ್ಲಕ್ಕಿಂತ ಮೇಲಿನ ತುಂಡಿಗೆ ಸುಮಾರು 13.6 ಟನ್. ಎರಡನೆಯದಕ್ಕೆ ಅದರ ಮೂರು ಪಟ್ಟು. ಮೂರನೆಯದಕ್ಕೆ ಐದು ಪಟ್ಟು, ನಾಲ್ಕನೆಯದಕ್ಕೆ ಏಳು ಪಟ್ಟು, ಬುಡದ ತುಂಡಿಗೆ ಒಂಬತ್ತು ಪಟ್ಟು, ಅಂದರೆ 122 ಟನ್. ಒಂದು, ಮೂರು, ಐದು, ಏಳು, ಒಂಬತ್ತು. ಕೂಡಿಸಿದರೆ 25. 13.6ನ್ನು 25ರಿಂದ ಗುಣಿಸಿದರೆ ಮತ್ತೆ ಅದೇ 340! ಮಕ್ಕಳು ಕೂಗಿದ್ದು ಪಕ್ಕದ ಕೋಣೆಗೆ ಕೇಳಿಸಿತು. ಬೆಸ ಸಂಖ್ಯೆಗಳನ್ನು ಕೂಡುತ್ತಾ ಹೋದರೆ ವರ್ಗಸಂಖ್ಯೆ ಬರುತ್ತದೆ ಎಂದು ಗಣಿತದಲ್ಲಿ ಕಲಿತದ್ದು ಇಲ್ಲಿ ಉಕ್ಕಿನ ತುಂಡುಗಳ ಮೇಲೆ ಬಂದು ಕೂತಿತ್ತು. ಆಳ ಎರಡು ಪಟ್ಟಾದರೆ ಭಾರ ನಾಲ್ಕು ಪಟ್ಟು ಎನ್ನುವುದೂ ಇದೇ ಮಾತು, ಬೇರೆ ಬಟ್ಟೆಯಲ್ಲಿ.

ಕಷ್ಟ ಇದ್ದದ್ದು ಮೊದಲ ತುಂಡಿನಲ್ಲಿ. ಅದೇ ಬುಡಕ್ಕೆ ಹೋಗಬೇಕು. ಆ ಹೊತ್ತಿಗೆ ಜಲಾಶಯದಲ್ಲಿ 70 ಟಿಎಂಸಿ ಆಸುಪಾಸು ಇತ್ತು. ಅಂದರೆ ಕ್ರಸ್ಟಿನ ಮೇಲೆ ಇನ್ನೂ ಹತ್ತು ಹನ್ನೆರಡು ಅಡಿ ನೀರಿನ ತಳ್ಳು. ಕ್ರಸ್ಟ್ ದಾಟುವಾಗ ಆ ನೀರಿನ ವೇಗ ಸೆಕೆಂಡಿಗೆ ಸುಮಾರು ಐದು ಮೀಟರ್. ಸೈಕಲ್ ಜೋರಾಗಿ ತುಳಿದಷ್ಟು. ಇದೇನು ಮಹಾ ವೇಗ ಅನ್ನಿಸಬಹುದು. ಆದರೆ ನೀರು ಗಾಳಿಗಿಂತ ಎಂಟುನೂರು ಪಟ್ಟು ದಟ್ಟ. ಈ ವೇಗದ ನೀರನ್ನು ಎದುರಿಗೆ ತಡೆದರೆ ಚದರ ಮೀಟರಿಗೆ ಒಂದೂಕಾಲು ಟನ್ನಿನಷ್ಟು ಒತ್ತಡ ಹುಟ್ಟುತ್ತದೆ. 22 ಚದರ ಮೀಟರಿನ ತುಂಡಿಗೆ 27 ಟನ್. ಕ್ರೇನಿಗೆ ನೇತು ಹಾಕಿದ 13 ಟನ್ನಿನ ವಸ್ತುವನ್ನು ಅಡ್ಡಕ್ಕೆ 27 ಟನ್ ತಳ್ಳುತ್ತಿದೆ. ಅದು ನೆಟ್ಟಗೆ ಇಳಿಯುವುದು ಹೇಗೆ?

ನೀರು ವೇಗ ಪಡೆಯುವುದು ಒತ್ತಡವನ್ನು ಖರ್ಚು ಮಾಡಿ. ನಿಂತ ನೀರಿನಲ್ಲಿ ಎಲ್ಲವೂ ಒತ್ತಡದ ರೂಪದಲ್ಲಿ ಇರುತ್ತದೆ, ಹರಿಯತೊಡಗಿದರೆ ಅದರಲ್ಲಿ ಒಂದು ಪಾಲು ವೇಗವಾಗುತ್ತದೆ. ಅದಕ್ಕೇ ಹರಿಯುವ ನೀರಿನ ಪಕ್ಕದ ಗೋಡೆಗೆ ಒತ್ತಡ ಕಡಿಮೆ. ಆದರೆ ಎದುರಿಗೆ ಅಡ್ಡ ಇಟ್ಟ ತಕ್ಷಣ ವೇಗ ನಿಂತು ಖರ್ಚಾದದ್ದೆಲ್ಲ ಒತ್ತಡವಾಗಿ ಮರಳಿ ಬರುತ್ತದೆ. ತುಂಡು ಪೂರ್ತಿ ಕೂತು, ಅದರ ಮೇಲೆ ಇನ್ನಷ್ಟು ತುಂಡು ಬಂದು ನೀರು ನಿಂತಂತೆಲ್ಲ ಬುಡದ ತುಂಡಿನ ಮೇಲೆ ಭಾರ ಏರುತ್ತದೆ. 12 ಅಡಿ ನಿಂತ ನೀರಿಗೆ ಅದು 68 ಟನ್. ಐದನೇ ಒಂದು ಪಾಲಿನ ತಿಕ್ಕಾಟ ಹಿಡಿದರೂ 13-14 ಟನ್ ಅದನ್ನು ತೋಡಿನಲ್ಲೇ ಕಚ್ಚಿ ಹಿಡಿಯುತ್ತದೆ. ಅದರ ತೂಕವೋ, ನೀರಿನಲ್ಲಿ ಮುಳುಗಿದಾಗ 13 ಟನ್ ಇದ್ದದ್ದು ಹನ್ನೊಂದು ಚಿಲ್ಲರೆಗೆ ಇಳಿಯುತ್ತದೆ. ತನ್ನ ತೂಕದಿಂದಲೇ ಅದು ಕೆಳಗೆ ಹೋಗಲಾರದು. ಆದ್ದರಿಂದ ನೀರು ಇನ್ನೂ ಹರಿಯುತ್ತಿರುವಾಗಲೇ, ಅದರ ಪೂರ್ತಿ ಒತ್ತಡ ಮರಳುವ ಮೊದಲೇ, ತುಂಡು ಬುಡ ಮುಟ್ಟಬೇಕು. ಓರೆಯಾಗಬಾರದು. ಒಂದು ಬದಿ ತುಸು ಮುಂದೆ ಹೋದರೂ ಸಿಕ್ಕಿಬೀಳುತ್ತದೆ.

ಮೊದಲ ಯತ್ನ ಕೈಗೂಡಲಿಲ್ಲ. ಆಗಸ್ಟ್ 16ರ ಶುಕ್ರವಾರ ಸಂಜೆ ಮೊದಲ ತುಂಡು ಕೂತಿತು. ಕೆಲಸಗಾರರು ಕುಣಿದರು. ನಾವೂ ಫೋನಿನಲ್ಲಿ ಅದನ್ನು ನೋಡುತ್ತಾ ನಿಂತಿದ್ದೆವು, ನನ್ನ ಕಣ್ಣು ತುಂಬಿ ಬಂತು. ಬುಡದ ಒಂದು ತುಂಡು ಕೂತರೆ ಉಳಿದವು ಸುಲಭ ಎಂಬುದು ಒಂದು, ಮೂರು, ಐದು, ಏಳು, ಒಂಬತ್ತರ ಲೆಕ್ಕ ಗೊತ್ತಿದ್ದವರಿಗೆ ಗೊತ್ತು. ಶನಿವಾರ ರಾತ್ರಿಯೊಳಗೆ ಉಳಿದ ನಾಲ್ಕೂ ಕೂತು ಕಿಂಡಿ ಮುಚ್ಚಿತು. ಮಳೆ ಕೈಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬಿತು, ಬಾಗಿನವೂ ಆಯಿತು. ನಮ್ಮ ಕಡೆ ಎರಡನೇ ಬೆಳೆಯ ಆಸೆ ಮತ್ತೆ ಚಿಗುರಿತು.

ಮುಂದಿನ ವರ್ಷದ ಲೆಕ್ಕ

ನಿವೃತ್ತ ಎಂಜಿನಿಯರ್ ಎ.ಕೆ. ಬಜಾಜ್ ಅವರ ನೇತೃತ್ವದ ತಜ್ಞರ ತಂಡ ಪರಿಶೀಲಿಸಿ, 33 ಗೇಟುಗಳನ್ನೂ ಬದಲಿಸಬೇಕು ಎಂದು ಹೇಳಿತು. ಅದು ಆಗುವವರೆಗೆ ಏನು ಮಾಡುವುದು? 2025ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸದೆ 1,626 ಅಡಿ, ಅಂದರೆ 80 ಟಿಎಂಸಿ ಆಸುಪಾಸಿಗೆ ನಿಲ್ಲಿಸುವ ತೀರ್ಮಾನ ಆಯಿತು. ನದಿಯಲ್ಲಿ ನೀರು ಹರಿದು ಹೋಗುತ್ತಿದೆ, ಇತ್ತ ಡ್ಯಾಂ ತುಂಬಿಸುತ್ತಿಲ್ಲ ಎಂದು ಮತ್ತೆ ಸಿಟ್ಟು ಬಂತು ಜನಕ್ಕೆ. ಬರುವುದು ಸಹಜ. 25 ಟಿಎಂಸಿ ಅಂದರೆ ಸಣ್ಣ ಮಾತಲ್ಲ.

ಆ ವಾರ ನಾನು ಏನೂ ವಿವರಿಸಲಿಲ್ಲ. 1,626ರಿಂದ 1,613 ಕಳೆಯಿರಿ ಎಂದು ಮಾತ್ರ ಬೋರ್ಡಿನ ಮೇಲೆ ಬರೆದೆ. ಹಿಂದಿನ ವರ್ಷ ಡ್ರಮ್ಮು ಸುತ್ತಿ ನೋಡಿದ್ದ ಹುಡುಗ ಈಗ ಒಂಬತ್ತನೇ ತರಗತಿ. ಅವನೇ ಎದ್ದು ಬಂದು ಸೀಮೆಸುಣ್ಣ ಇಸಕೊಂಡ. 13 ಅಡಿ. 13 ಗುಣಿಸು 13, ಭಾಗಿಸು 20 ಗುಣಿಸು 20. ಬಂದದ್ದು 0.42. ಅದನ್ನು 340ರಿಂದ ಗುಣಿಸಿದ. ಸುಮಾರು 143 ಟನ್. ಪಕ್ಕದಲ್ಲಿ 105ಕ್ಕೆ 80 ಎಂದು ಬರೆದು ಅದರ ಕೆಳಗೆ ಗೆರೆ ಎಳೆದ. "ಸರ್, ನೀರು ಬಿಟ್ಟಿದ್ದು ಕಾಲು ಪಾಲ್ರಿ. ಗೇಟಿನ ಭಾರ ಅರ್ಧಕ್ಕಿಂತ ಜಾಸ್ತಿ ಹೋತು ನೋಡ್ರಿ" ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಮ್ಮಪ್ಪಗ ಹೇಳಬೇಕ್ರಿ" ಎಂದು ಆ ಅಂಕಿಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಇಳಿಸಿಕೊಂಡ.